ಐವತ್ತೇಳನೆಯ ಸಾಲು

ಮೀನಪುಡಿ ಮುಟ್ಟಿ ಮೂರು ವಾರವಾಗಿದ್ದರೂ ವಾಸನೆ ಉಗುರಿನ ಸಂದಿಯಲ್ಲಿ ಕೂತೇ ಇತ್ತು. ಬೇರೆಯವರಿಗೆ ಬರುತ್ತಿತ್ತೋ ಇಲ್ಲವೋ, ಪಾರಮ್ಮನಿಗಂತೂ ಬರುತ್ತಿತ್ತು. ಬೂದಿ ಹಚ್ಚಿ ತಿಕ್ಕಿದ್ದಳು, ಸೀಗೆಪುಡಿ ಹಚ್ಚಿ ತಿಕ್ಕಿದ್ದಳು, ಬೇವಿನ ಸೊಪ್ಪು ಅರೆದು ಸವರಿಕೊಂಡು ಬಿಸಿಲಲ್ಲಿ ಕೂತಿದ್ದಳು. ಇಪ್ಪತ್ತೆರಡು ವರ್ಷ ಅದೇ ಕೆಲಸ ಮಾಡಿದವಳಿಗೆ ಆ ವಾಸನೆ ಹೊಸದಲ್ಲ. ಬೇರೆ ವರ್ಷ ನಾಲ್ಕು ದಿನಕ್ಕೆ ಹೋಗುತ್ತಿತ್ತು, ಈ ವರ್ಷ ಹೋಗಲಿಲ್ಲ. ಬೆಳಿಗ್ಗೆ ರೊಟ್ಟಿ ಬಡಿಯುವಾಗ ಹಿಟ್ಟಿನಿಂದಲೇ ಬಂದಂತಾಗಿ, ಬಡಿದ ರೊಟ್ಟಿಯನ್ನು ಮೂಗಿಗೆ ಹಿಡಿದು ನೋಡಿ, ಏನೂ ಇಲ್ಲವೆಂದು ಗೊತ್ತಾದ ಮೇಲೂ ಸಿಟ್ಟಿನಿಂದ ಹಂಚಿಗೆ ಒಗೆದಿದ್ದಳು. ಉಮರಸಾಬನ ಟಂಟಂ ಆಟೋ ಬಂದು ನಿಂತಾಗ ದಿನದ ಹಾಗೆ ಹಿಂದಿನ ಹಲಗೆಯ ತುದಿಗೆ, ಕಾಲು ಹೊರಗೆ ಇಳಿಬಿಟ್ಟು, ಮುಖ ರಸ್ತೆಯ ಕಡೆಗೆ ಮಾಡಿ ಕೂತಳು. ಆ ಜಾಗ ಯಾರೂ ಆಕೆಗೆ ತೋರಿಸಿದ್ದಲ್ಲ. ಯಾರಾದರೂ ಅತ್ತ ಸರಿ ಎನ್ನುವ ಮೊದಲೇ ಆಕೆಯೇ ಹಿಡಿದುಕೊಂಡದ್ದು.

ಒಳಗೆ ಕಳಕಮ್ಮ ಹೂವಿನ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಪಾರಮ್ಮನ ಓಣಿಯವಳೇ. ಶ್ರಾವಣದ ಕೊನೆಯ ಸೋಮವಾರ, ಗುಡಿಗೆ ಹೊರಟವಳು. ಸೆರಗಿನ ತುದಿ ಮೂಗಿಗೆ ಒತ್ತಿ, "ಯವ್ವಾ ಪಾರವ್ವ, ಶ್ರಾವಣದಾಗರ ಆ ಮೀನದ ಕೆಲಸ ಬಿಡಬಾರ್ದೇನ? ನಾವು ದೇವರಿಗೆ ಹೊಂಟ ಮಂದಿ" ಎಂದಳು.

"ಹೊಂಟೀದಿ ಹೋಗು. ನಿನ್ನ ದೇವರ ಎಡಿಯೊಳಗಿನ ಜ್ವಾಳದ ರೊಟ್ಟಿ ಯಾರ ಪುಣ್ಯೇದಿಂದ ಬಂತು ಅಂತ ಹಂಗ ಕೇಳಿಕೊಂಡು ಬಾ."

"ಆಹಾ, ಈಕಿ ನೊಣಕ್ಕ ಉಣ್ಣಾಕ ಹಾಕ್ತಾಳ, ಜ್ವಾಳ ಇಕಿ ಪುಣ್ಯೇದಿಂದ ಬರ್ತೈತಿ!"

"ಯಕ್ಕಗಳಿರಾ, ಮುಂಜಾನೆದ್ದು ಗಾಡ್ಯಾಗ ಬೆಂಕಿ ಹಚ್ಚಬ್ಯಾಡ್ರಿ, ಕೆಳಗ ಡೀಸೆಲ್ ಐತಿ" ಎಂದ ಉಮರಸಾಬ. ಎಲ್ಲರೂ ನಕ್ಕರು. ಪಾರಮ್ಮನೂ ನಕ್ಕಳು. ಬೇರೆ ದಿನವಾಗಿದ್ದರೆ ಇನ್ನೂ ನಾಲ್ಕು ಮಾತು ಸೇರಿಸಿ ಕಳಕಮ್ಮನ ಬಾಯಿ ಮುಚ್ಚಿಸಿಯೇ ಇಳಿಯುತ್ತಿದ್ದಳು. ಇವತ್ತು ಉಗುರಿನ ಸಂದಿ ಕೆರೆಯುತ್ತ ಕೂತಳು.

ನೊಣಕ್ಕೆ ಉಣ್ಣಲು ಹಾಕುತ್ತಾಳೆ ಎಂಬುದು ಸುಳ್ಳಲ್ಲ. ಯಲಬುರ್ಗಾದಿಂದ ಕುಷ್ಟಗಿಯ ಕಡೆ ಹೋಗುವ ರಸ್ತೆಯ ಎಡಕ್ಕಿರುವ ಜೋಳದ ಫಾರ್ಮಿನಲ್ಲಿ ಆಕೆಯ ಕೆಲಸವೇ ಅದು. ಸುಳಿ ನೊಣ. ಮನೆಯ ನೊಣಕ್ಕಿಂತ ಸಣ್ಣದು, ಬೂದಿಬಣ್ಣದ್ದು. ಗೊತ್ತಿಲ್ಲದವರಿಗೆ ಕಣ್ಣಿಗೇ ಬೀಳುವುದಿಲ್ಲ. ಎಳೆ ಜೋಳದ ಎಲೆಯ ಕೆಳಗೆ, ಬಿಳಿದಾರ ಕತ್ತರಿಸಿ ಅಂಟಿಸಿದಂತೆ ಒಂದೇ ಒಂದು ತತ್ತಿ ಇಟ್ಟು ಹೋಗುತ್ತದೆ. ಎರಡು ದಿನಕ್ಕೆ ಹುಳ ಹೊರಬಂದು, ಬೆಳಗಿನ ಮಂಜಿನ ಹಸಿಯಲ್ಲಿ ಜಾರಿಕೊಂಡು ಸುಳಿಯೊಳಗೆ ಇಳಿದು, ಬುಡವನ್ನು ಕೊಯ್ದು ಹಾಕುತ್ತದೆ. ಮೇಲಿನಿಂದ ಗಿಡ ಹಸಿರಾಗಿಯೇ ಇರುತ್ತದೆ, ನಡುವಿನ ಎಲೆ ಮಾತ್ರ ಬಾಡಿ ನಿಂತಿರುತ್ತದೆ. ಹಿಡಿದು ಎಳೆದರೆ ಬೆಣ್ಣೆಯಿಂದ ಕೂದಲು ಬಂದಂತೆ ಬರುತ್ತದೆ, ಬುಡ ಮೂಸಿದರೆ ಕೊಳೆತ ನಾತ. ಲೋಕವೆಲ್ಲ ಆ ನೊಣವನ್ನು ಶಪಿಸುವಾಗ ಫಾರ್ಮಿನವರು ಅದನ್ನು ಕರೆಸುತ್ತಾರೆ. ಯಾವ ಜೋಳ ನಿಲ್ಲುತ್ತದೆ, ಯಾವುದು ಸಾಯುತ್ತದೆ ಎಂದು ತಿಳಿಯಬೇಕಾದರೆ ನೊಣವನ್ನೇ ಕೇಳಬೇಕು. ಅದಕ್ಕೆ ಮೀನಪುಡಿ ನೆನೆಸಿ ಬುಟ್ಟಿಯಲ್ಲಿ ತುಂಬಿಕೊಂಡು ಸಾಲುಸಾಲಿಗೆ ಹಾಕುತ್ತ ಹೋಗುವುದು. ಆ ನಾತಕ್ಕೆ ನೊಣ ಎಲ್ಲೆಲ್ಲಿಂದಲೋ ಬರುತ್ತದೆ. ಮೂರು ವಾರ ಬಿಟ್ಟು ಸತ್ತ ಸುಳಿ ಎಣಿಸುವುದು. ಹಾಕುವವಳೂ ಪಾರಮ್ಮ, ಎಣಿಸುವವಳೂ ಪಾರಮ್ಮ.

ಎಣಿಕೆಯ ವಿಷಯದಲ್ಲಿ ಆಕೆಗೆ ಸೊಕ್ಕು ಇತ್ತು, ಇರಬೇಕಾದದ್ದೇ. ಏಳು ವರ್ಷದ ಹಿಂದೆ ಓದುವ ಹುಡುಗಿಯೊಬ್ಬಳು ಕೈಗನ್ನಡಿ ಹಿಡಿದು ಬಂದು ತತ್ತಿ ಎಣಿಸಿ ಇನ್ನೂರ ಹನ್ನೆರಡು ಎಂದಿದ್ದಳು. ಬರಿಗಣ್ಣಿನ ಪಾರಮ್ಮ ಇನ್ನೂರ ಹದಿನೈದು ಎಂದಳು. ಹುಡುಗಿ ಕಿಸಕ್ಕನೆ ನಕ್ಕಳು. ಪಾರಮ್ಮ ಆಕೆಯ ಮುಂಗೈ ಹಿಡಿದು ದರದರ ಎಳೆದುಕೊಂಡು ಹೋಗಿ, ಮಡಚಿದ್ದ ಎಲೆ ಬಿಡಿಸಿ ಒಂದು, ಕಳೆಯ ಮೇಲೆ ಬಾಗಿದ್ದ ಎಲೆ ಎತ್ತಿ ಇನ್ನೊಂದು, ಕಾಂಡಕ್ಕೆ ಅಂಟಿದ್ದ ಮತ್ತೊಂದು, ಮೂರನ್ನೂ ತೋರಿಸಿ, "ನಗು ಈಗ" ಎಂದಿದ್ದಳು. ಅಂದಿನಿಂದ ದಫ್ತರು ಬರೆಯುವ ಪಂಪಾಪತಿ ಆಕೆ ಹೇಳಿದ ಸಂಖ್ಯೆಯನ್ನು ಗಿಡದ ಕಡೆ ನೋಡದೆ ಬರೆಯುತ್ತಾನೆ. ಊರಲ್ಲಿ ಶಾಲೆ ಮೂರನೆಯ ತರಗತಿಗೇ ಮುಗಿಸಿದ ಹೆಂಗಸಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಯಾರು ಕೊಟ್ಟಾರು?

ಫಾರ್ಮಿನ ಗೇಟಿನಲ್ಲಿ ಇಳಿದಾಗ ಪಂಪಾಪತಿ ದಫ್ತರು ಕಂಕುಳಲ್ಲಿಟ್ಟುಕೊಂಡು ನಿಂತಿದ್ದ. "ಲಗೂನ ಬಾ ಪಾರಕ್ಕ. ಹನ್ನೊಂದಕ್ಕ ದೊಡ್ಡ ಸಾಹೇಬ್ರು ಬರ್ತಾರಂತ. ಗೋವಿಂದರಾಜ ಅಂತ, ಭಾಳ ಖಡಕ್ ಮನಿಷ್ಯಾ. ಅವರು ಬರೂದ್ರಾಗ ಮೂರೂ ಮಡ್ಯಾಗ ಉಳಿದಿರೋ ಸಾಲು ಎಣಿಸಿ ಮುಗಿಸಿಬಿಡೂಣು."

"ಖಡಕ್ ಇದ್ರ ನನಗೇನ, ಅವರೇನು ನಮ್ಮ ಮನಿಗೆ ಹೆಣ್ಣು ನೋಡಾಕ ಬಂದಾರ?"

ಒಂದೊಂದು ಮಡಿಯಲ್ಲಿ ಎಂಬತ್ತು ಸಾಲು, ಒಂದೊಂದು ಸಾಲು ಒಂದೊಂದು ತಳಿ. ತಪ್ಪು ಬರಬಾರದೆಂದು ಅವೇ ಎಂಬತ್ತನ್ನು ಮೂರು ಮಡಿಯಲ್ಲಿ ಬಿತ್ತಿರುತ್ತಾರೆ. ಸಾಲಿಗೆ ಹೆಸರಿಲ್ಲ, ತಗಡಿನ ಮೇಲೆ ಸಂಖ್ಯೆ ಮಾತ್ರ. ಪಾರಮ್ಮ ಸೀರೆ ಎತ್ತಿ ಸಿಕ್ಕಿಸಿ ಕೂತು, ಎಡಗೈಯಲ್ಲಿ ಗಿಡ ಹಿಡಿದು ಬಲಗೈಯಲ್ಲಿ ಸುಳಿ ಎಳೆಯುತ್ತ, ಒಮ್ಮೊಮ್ಮೆ ಮೂಸುತ್ತ ಸರಿದಳು. ಐವತ್ತೈದು: ಅರವತ್ತರಲ್ಲಿ ಮೂವತ್ತೆಂಟು ಸತ್ತಿವೆ. ಐವತ್ತಾರು: ಅರವತ್ತೆರಡರಲ್ಲಿ ನಲವತ್ತು. ಎಳೆದ ಸುಳಿಗಳು ಬದಿಯಲ್ಲಿ ಗುಡ್ಡೆ ಬಿದ್ದವು. ಐವತ್ತೇಳಕ್ಕೆ ಬಂದಳು. ಗಿಡ ಹಿಡಿದಳು, ಎಳೆದಳು, ಬರಲಿಲ್ಲ. ಇನ್ನೊಂದು, ಬರಲಿಲ್ಲ. ಸಾಲು ತುದಿಯವರೆಗೆ ಮೆರವಣಿಗೆ ನಿಂತ ಹಾಗೆ ನಿಂತಿತ್ತು. ಎಲೆಗಳು ಎಣ್ಣೆ ಸವರಿದಂತೆ ಹೊಳೆಯುತ್ತಿದ್ದವು. ಎಲ್ಲ ಮುಗಿಸಿ, "ಅರವತ್ತೊಂದು. ಸತ್ತದ್ದು ಐದು" ಎಂದಳು. ತನ್ನ ದನಿ ತನಗೇ ಪರಕೀಯವಾಗಿ ಕೇಳಿತು.

"ಐದಾ?" ಪಂಪಾಪತಿ ಪೆನ್ನು ಎತ್ತಿದ. "ಬರೇ ಐದಾ? ಯವ್ವಾ, ಇದು ನಿಮ್ಮವ್ವನ ಜ್ವಾಳ ಅಲ್ಲೇನ?"

ಅವ್ವನ ಜೋಳ. ಇರಕಲ್ಲಗಡದ ಆಚೆಯ ಕಪ್ಪುನೆಲದಲ್ಲಿ ಅವ್ವ ಮಾರೆಮ್ಮ ಬಿತ್ತುತ್ತಿದ್ದ ಎಣ್ಣಿಜ್ವಾಳ. ಎಳೆ ಎಲೆಯ ಮೇಲೆ ಬಾಯಿಂದ ನೀರು ಉಗಿದು, ಹನಿ ಉರುಳಿ ಬೀಳುವುದನ್ನು ಅವ್ವ ತೋರಿಸುತ್ತಿದ್ದಳು. "ನೊಣ ಬರ್ತೈತಿ, ಕುಂದ್ರತೈತಿ, ಕಾಲು ಜಾರತೈತಿ, ಹೋಗತೈತಿ. ನನ್ನ ಜ್ವಾಳಕ್ಕ ಯಾರ ಕಾವಲೂ ಬ್ಯಾಡ." ಪಾರಮ್ಮನ ಮದುವೆಯಾದ ವರ್ಷ, ಪಂಚಮಿಗೆ ತವರಿಗೆ ಬಂದಿದ್ದಾಗ, ವಾಪಸು ಕರೆದೊಯ್ಯಲು ಗಂಡನ ಮನೆಯವರು ಬಂದು ಕಟ್ಟೆಯ ಮೇಲೆ ಕೂತಿದ್ದರು. ಅಣ್ಣ ಕರಿಬಸಪ್ಪ ಕೊಪ್ಪಳದಿಂದ ಬಣ್ಣದ ಪಾಕೀಟಿನ ಬೀಜ ತಂದಿದ್ದ. ಬಂದವರ ಮುಂದೆ ದೊಡ್ಡಸ್ತಿಕೆ ತೋರಿಸಲು ಅವ್ವನ ಬೀಜದ ಮಡಕೆ ಎತ್ತಿ ತಂದು, "ಇನ್ನ ಈ ಮುದಿ ಜ್ವಾಳ ಯಾಕ, ಕೋಳಿಗೆ ಹಾಕು" ಎಂದು ಅಂಗಳಕ್ಕೆ ಸುರಿದುಬಿಟ್ಟ. ಕೋಳಿಗಳು ಓಡಿ ಬಂದವು. ಕಟ್ಟೆಯ ಮೇಲಿನವರು ನಕ್ಕರು. ಅವ್ವ ಸೆರಗು ಹಾಸಿ, ಬಗ್ಗಿ, ಕೋಳಿಗಳ ಕೊಕ್ಕಿನ ನಡುವೆ ಕೈಹಾಕಿ ಒಂದೊಂದೇ ಕಾಳು ಆರಿಸತೊಡಗಿದಳು. ಪಾರಮ್ಮ ಹೊಸ ಸೀರೆ ಉಟ್ಟು ಕಂಬಕ್ಕೆ ಒರಗಿ ನಿಂತಿದ್ದಳು. ಬಗ್ಗಲಿಲ್ಲ. ಗಂಡನ ಮನೆಯವರು ನೋಡುತ್ತಿದ್ದರು. ಅವ್ವ ಒಮ್ಮೆ ತಲೆಯೆತ್ತಿ ಮಗಳನ್ನು ನೋಡಿದಳು. ಬಾ ಎಂದು ಕರೆಯುವ ನೋಟವಲ್ಲ, ಬರುತ್ತಾಳೋ ಎಂದು ನೋಡುವ ನೋಟ. ಒಂದು ಬೊಗಸೆ ಕಾಳು ಸಿಕ್ಕಿತು. ಅದೇ ಬೊಗಸೆ ವರ್ಷವರ್ಷ ಹಿತ್ತಲಲ್ಲಿ ಬೆಳೆದು, ಅವ್ವ ಸತ್ತ ಮೇಲೆ ಬೂದಿ ತುಂಬಿದ ಮಡಕೆಯಲ್ಲಿ ಪಾರಮ್ಮನ ಮನೆಗೆ ಬಂತು. ಈ ಬೇಸಿಗೆಯಲ್ಲಿ ಅದರ ಎರಡು ಹಿಡಿ ತಂದು, ಇದಕ್ಕೆ ನೊಣ ತಾಗುವುದಿಲ್ಲ ಎಂದು ಹೇಳಿ, ಫಾರ್ಮಿನಲ್ಲಿ ಪರೀಕ್ಷೆ ನಡೆಸುವ ಲಲಿತಾ ಮೇಡಮ್ಮನ ಮೇಜಿನ ಮೇಲೆ ಇಟ್ಟಿದ್ದಳು.

"ಏನ ನಿಂತೀ? ನಡಿ ಮುಂದ" ಎಂದ ಪಂಪಾಪತಿ. ಎರಡನೆಯ ಮಡಿಯಲ್ಲಿ ಐವತ್ತೇಳು: ಐವತ್ತೊಂಬತ್ತರಲ್ಲಿ ನಾಲ್ಕು. ಮೂರನೆಯದರಲ್ಲಿ ಅರವತ್ತರಲ್ಲಿ ಆರು. ಎಣಿಕೆಯಲ್ಲಿ ಒಂದು ಕೂದಲಿನಷ್ಟೂ ತಪ್ಪಿರಲಿಲ್ಲ. ಅದೇ ಆಕೆಯನ್ನು ಸುಡುತ್ತಿತ್ತು. ಮೂರು ವಾರದ ಹಿಂದೆ, ಪಂಚಮಿಯ ಮರುದಿನ, ಬುಟ್ಟಿ ಸೊಂಟಕ್ಕಿಟ್ಟುಕೊಂಡು ಮೀನಪುಡಿ ಹಾಕುತ್ತ ಬಂದವಳು ಈ ಸಾಲಿನ ತಗಡಿನ ಮುಂದೆ ನಿಂತಿದ್ದಳು. ಬೆರಳುದ್ದದ ಸಸಿಗಳು. ಕೋಳಿಗಳ ನಡುವೆ ಆರಿಸಿದ ಕಾಳು. ಹಿಡಿ ತುಂಬಿಕೊಂಡ ಕೈ ಬುಟ್ಟಿಯಿಂದ ಮೇಲೆ ಬಂತು, ಮುಂದೆ ಹೋಗಲಿಲ್ಲ. ಕಾಲು ಮಾತ್ರ ಐವತ್ತೆಂಟಕ್ಕೆ ದಾಟಿತು. ಯಾರೂ ನೋಡಲಿಲ್ಲ, ಪಾರಮ್ಮನ ಬೆನ್ನ ಹಿಂದೆ ಯಾರೂ ನೋಡುವುದಿಲ್ಲ, ಅದೇ ಆಕೆಯ ಮರ್ಯಾದೆ. ಆಮೇಲೆ ಎರಡನೆಯ ಮಡಿ ಬಂತು, ಮೂರನೆಯದು ಬಂತು.

ಲಲಿತಾ ಮೇಡಮ್ಮ ಬಿಸಿಲಿಗೆ ಟೋಪಿ ಹಾಕಿಕೊಂಡು ಓಡಿಯೇ ಬಂದಳು. ಮೈಸೂರು ಕಡೆಯವಳು, ಮೂವತ್ತೈದರ ಆಸುಪಾಸು, ಆರು ವರ್ಷದಿಂದ ಈ ಬಿಸಿಲಲ್ಲಿ ಕಪ್ಪಾದವಳು. ದಫ್ತರು ನೋಡಿ ಆಕೆಯ ಮುಖ ಅರಳಿದ್ದನ್ನು ಪಾರಮ್ಮ ನೋಡಲಾರದೆ ನೋಡಿದಳು. "ಪಾರಮ್ಮ! ನೀವು ಹೇಳಿದ್ದು ನಿಜ ಆಯ್ತಲ್ಲ! ನಿಮ್ಮ ತಾಯಿ ಹೆಸರು ಮಾರೆಮ್ಮ ಅಲ್ವಾ? ವರದಿಯಲ್ಲಿ ಬೀಜ ಕಾಪಾಡಿದವರು ಅಂತ ಅವರ ಹೆಸರು ಹಾಕಿಸ್ತೀನಿ. ಅಚ್ಚಾಗುತ್ತೆ, ನೋಡ್ತಿರಿ."

ಅಚ್ಚಿನಲ್ಲಿ ಮಾರೆಮ್ಮ. ಪಾರಮ್ಮನ ಎದೆ ಉಬ್ಬಿತು, ಉಬ್ಬಿದಲ್ಲೇ ಏನೋ ಚುಚ್ಚಿತು. ಸಹಿ ಹಾಕಲು ಬಾರದೆ ರೇಷನ್ ಕಾರ್ಡಿಗೆ ಹೆಬ್ಬೆಟ್ಟು ಒತ್ತಿದ ಅವ್ವ. ಆ ಹೆಸರನ್ನು ಕರಿಬಸಪ್ಪನ ಅಂಗಳಕ್ಕೆ ಒಯ್ದು, ಅದೇ ಕಟ್ಟೆಯ ಮೇಲೆ ಇಟ್ಟು, ಓದಿಸು ನಿನ್ನ ಮೊಮ್ಮಕ್ಕಳ ಕೈಲಿ ಎನ್ನಬಹುದು. ಯಾರಿಗೆ ಗೊತ್ತಾಗುತ್ತದೆ? ಜೋಳ ನಿಂತದ್ದು ನಿಜ, ಎಣಿಸಿದ್ದು ನಿಜ. ಅಕ್ಕಪಕ್ಕದ ಸಾಲಿಗೆ ಮೀನಪುಡಿ ಬಿದ್ದಿತ್ತಲ್ಲ, ನೊಣ ಇತ್ತ ಬಂದೇ ಬಂದಿರುತ್ತದೆ, ಅವ್ವನ ಜೋಳ ತನ್ನ ಬಲದಿಂದಲೇ ನಿಂತಿರುತ್ತದೆ. ಇರಬಹುದು, ಇಲ್ಲದೆಯೂ ಇರಬಹುದು. ಇನ್ನು ಯಾರಿಗೂ ಗೊತ್ತಾಗದಂತೆ ಮಾಡಿದವಳು ತಾನೇ.

ಹನ್ನೊಂದೂವರೆಗೆ ಜೀಪು ಬಂತು. ಗೋವಿಂದರಾಜ ಎತ್ತರದ ಮನುಷ್ಯ, ಬಿಳಿ ಮೀಸೆ. ಸಾಲುಗಳ ನಡುವೆ ಹೆಜ್ಜೆ ನೋಡಿ ಇಟ್ಟ, ಒಂದು ಸಸಿಯನ್ನೂ ತುಳಿಯಲಿಲ್ಲ. ಪಾರಮ್ಮ ಅದನ್ನು ಗಮನಿಸಿದಳು. ಎಳೆದ ಸುಳಿಗಳ ಗುಡ್ಡೆಯ ಹತ್ತಿರ ಬಂದಾಗ ಕರವಸ್ತ್ರ ತೆಗೆದು ಮೂಗಿಗೆ ಹಿಡಿದ. ಅದನ್ನೂ ಗಮನಿಸಿ, ಎರಡು ಹೆಜ್ಜೆ ಹಿಂದೆ ಸರಿದು ನಿಂತಳು. ಟಂಟಂನ ತುದಿಯ ಹಲಗೆ ಎಲ್ಲಿ ಹೋದರೂ ಬೆನ್ನಿಗೆ ಬರುತ್ತಿತ್ತು. ಆತ ಐವತ್ತೇಳರ ಮುಂದೆ ಬಹಳ ಹೊತ್ತು ನಿಂತ. "ಇದನ್ನು ಎಣಿಸಿದ್ದು ಯಾರು?"

"ಪಾರಮ್ಮ ಸರ್" ಎಂದಳು ಮೇಡಮ್ಮ.

"ಇನ್ನೊಬ್ಬರು ಮತ್ತೊಮ್ಮೆ ಎಣಿಸಿದ್ದಾರಾ?"

ಪಂಪಾಪತಿ ಮುಂದೆ ಬಂದ. ಎದೆ ಸೆಟೆಸಿದ್ದ, ತನ್ನದೇ ಮನೆಯ ಎತ್ತಿನ ಬಗ್ಗೆ ಹೇಳುವವನಂತೆ. "ಸರ, ನಮ್ಮ ಪಾರಕ್ಕ ಎಣಿಸಿದ್ದನ್ನ ಮತ್ತ ಎಣಿಸೋ ಪದ್ಧತಿ ಈ ಫಾರ್ಮಿನಾಗ ಇಲ್ಲರಿ."

ಆ ಮಾತು ಬಂದು ಬಿದ್ದ ಜಾಗ ಪಾರಮ್ಮನಿಗೆ ಗೊತ್ತಾಯಿತು. ಕಂಬಕ್ಕೆ ಒರಗಿ ನಿಂತಿದ್ದ ಆ ಹುಡುಗಿಯ ಮೇಲೆ. ಅವ್ವ ತಲೆಯೆತ್ತಿ ನೋಡುತ್ತಿದ್ದಾಳೆ. ನನ್ನ ಜ್ವಾಳಕ್ಕ ಯಾರ ಕಾವಲೂ ಬ್ಯಾಡ ಎಂದವಳ ಜೋಳಕ್ಕೆ ಮಗಳು ಕಳ್ಳಗಾವಲು ನಿಂತಳು. ಅಣ್ಣ ನಾಲ್ಕು ಜನರ ಮುಂದೆ ಅವ್ವನ ಜೋಳ ನಿಲ್ಲುವುದಿಲ್ಲ ಎಂದ. ತಾನು ಯಾರೂ ಇಲ್ಲದಾಗ, ಬಾಯಿಬಿಡದೆ, ಅದೇ ಮಾತನ್ನು ಹೇಳಿದಳು. ಅವನಾದರೂ ಬಾಯಿಬಿಟ್ಟು ಹೇಳಿದ್ದ. ಸಿಟ್ಟು ಬಂತು. ಆ ಸಿಟ್ಟು ಯಾರ ಮೇಲೆ ಎಂದು ಹುಡುಕಬೇಕಾಗಿರಲಿಲ್ಲ.

"ಪಂಪಾಪತಿ, ಆ ಸಾಲು ಹೊಡದು ಹಾಕು."

"ಯಾವ ಸಾಲು?"

"ಐವತ್ತೇಳು. ಮೂರೂ ಮಡ್ಯಾಗಿಂದು. ಅದಕ್ಕ ನಾ ಮೀನಪುಡಿ ಹಾಕಿಲ್ಲ."

ಪಂಪಾಪತಿ ನಗಲು ನೋಡಿದ. "ತಲಿಗಿಲಿ ಕೆಟ್ಟೈತೇನ ಯಕ್ಕಾ? ಬಿಸಿಲು ಭಾಳ ಆತು, ನೀರು ಕುಡಿ."

"ನಾ ಛಲೋ ಅದೀನಿ. ಹಾಕಿಲ್ಲ ಅಂದ್ರ ಹಾಕಿಲ್ಲ."

ಗೋವಿಂದರಾಜ ಕರವಸ್ತ್ರ ಕೆಳಗಿಳಿಸಿದ. "ಯಾಕೆ ಹಾಕಲಿಲ್ಲ?"

"ನಮ್ಮವ್ವನ ಬೀಜರಿ ಅದು. ಕೈ ಹೋಗಲಿಲ್ಲ."

"ಮೂರು ಮಡಿಯಲ್ಲೂ ಕೈ ಹೋಗಲಿಲ್ಲವಾ?"

ಪಾರಮ್ಮ ಆತನ ಕಣ್ಣಿನಿಂದ ಕಣ್ಣು ತೆಗೆಯಲಿಲ್ಲ. "ಮೊದಲನೇದರಾಗ ಕೈ ಹೋಗಲಿಲ್ಲರಿ. ಉಳಿದ ಎರಡರಾಗ ನಾನ ಬೇಕಂತ ಹಾಕಲಿಲ್ಲ."

ಮೇಡಮ್ಮ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಳು. ಬೈದಿದ್ದರೆ ಪಾರಮ್ಮನಿಗೆ ಸುಲಭವಾಗುತ್ತಿತ್ತು. "ಎಲ್ಲಾ ಸಾಲಿಗೂ ಒಂದೇ ಥರ ಅಂತ ನಂಬಿದ್ದೆ ನಾನು" ಎಂದಷ್ಟೇ ಹೇಳಿ ಆಚೆ ನೋಡಿದಳು. ಪಂಪಾಪತಿ ದಫ್ತರು ತೊಡೆಯ ಮೇಲಿಟ್ಟುಕೊಂಡು ಕೂತು ಕೆಂಪು ಪೆನ್ನಿನಿಂದ ಮೂರು ಕಡೆ ಅಡ್ಡಗೆರೆ ಎಳೆದ. ಗೆರೆ ಎಳೆಯುವಾಗ ಅವನ ಕಿವಿ ಕೆಂಪಾಗಿತ್ತು. ತಲೆ ಎತ್ತದೆ, "ಇನ್ನ ಮ್ಯಾಲ ನಾನೂ ಹಿಂದ ಕುಂತು ಎಣಿಸಬೇಕಲ್ಲ ಯಕ್ಕಾ" ಎಂದ.

ಇಪ್ಪತ್ತೆರಡು ವರ್ಷ ಒಂದೇ ಮಾತಿನಲ್ಲಿ ಹೋಯಿತು. ಹೋಗುವುದು ಆಕೆಗೆ ಕಾಣಿಸಿತು, ಬುಡ ಕೊಯ್ದ ಸುಳಿ ಎಳೆದಷ್ಟು ಸರಾಗವಾಗಿ. ಪಾರಮ್ಮ ಬಗ್ಗಲಿಲ್ಲ. "ಎಣಿಸು. ಯಾರು ಬ್ಯಾಡಂದಾರ? ನನ್ನದಕ್ಕೂ ನಿನ್ನದಕ್ಕೂ ಒಂದು ಗಿಡ ಫರಕ್ ಬಂದ್ರ ಗೇಟಿನಾಗ ನಿಂತು ಕೂಗಿ ಹೇಳು." ಆಮೇಲೆ ಮೇಡಮ್ಮನ ಕಡೆ ತಿರುಗಿದಳು. "ಬಾಯಾರ, ನನ್ನ ಕೆಲಸದಿಂದ ತಗೀತೀರಿ ಅಂದ್ರ ತಗೀರಿ, ಅದು ನಿಮಗ ಬಿಟ್ಟದ್ದು. ಆದ್ರ ಜ್ವಾಳದ ಮ್ಯಾಲ ಸಿಟ್ಟು ಮಾಡಬ್ಯಾಡ್ರಿ. ತಪ್ಪು ನಂದು, ಅದರದ್ದಲ್ಲ. ಬೀಜ ಇನ್ನೂ ಐತಿ, ಇವತ್ತ ತರ್ತೀನಿ. ಮುಂದಿನ ತಿಂಗಳು ನೊಣ ಇದರ ಎರಡು ಪಟ್ಟು ಇರತೈತಿ, ನಿಮಗೂ ಗೊತ್ತೈತಿ. ಈಗ ಬಿತ್ತೂಣು, ಆವಾಗ ಸಸಿ ಸಿಗತಾವ. ಅಕ್ಕಪಕ್ಕ ಸಾಯೋ ಜ್ವಾಳ ಹಾಕ್ರಿ. ಎಲ್ಲಾ ಸಾಲಿಗೆ ಒಂದೊಂದು ಹಿಡಿ, ಇದಕ್ಕ ಎರಡು. ನಿಮ್ಮ ಕಣ್ಣ ಮುಂದ."

"ಎಲ್ಲಕ್ಕೂ ಒಂದೇ ಹಾಕಬೇಕಮ್ಮ, ಎರಡಲ್ಲ" ಎಂದ ಗೋವಿಂದರಾಜ. ಮೀಸೆಯ ಕೆಳಗೆ ಏನೋ ಅಲುಗಿತು. "ಅದೇ ತಾನೆ ಈಗ ನೀವು ಮಾಡಿದ ತಪ್ಪು."

"ಹಂಗಾದ್ರ ಒಂದ ಹಾಕೂಣು. ಒಂದರಾಗೂ ನಿಲ್ಲತೈತಿ."

ಮೇಡಮ್ಮ ಟೋಪಿ ಹಾಕಿಕೊಂಡಳು. "ಮಧ್ಯಾಹ್ನ ಬೀಜ ತನ್ನಿ" ಎಂದಳು, ಇನ್ನೂ ಆಚೆ ನೋಡುತ್ತಲೇ.

ಹದಿಮೂರು ದಿನ ಬಿಟ್ಟು ಪಾರಮ್ಮ ಮುಂಜಾನೆ ಟಂಟಂ ಹತ್ತಿದಾಗ ಹಿಂದಿನ ಹಲಗೆ ಬಿಟ್ಟು ಒಳಗೆ ಬಂದು, ಕಳಕಮ್ಮನ ಪಕ್ಕದಲ್ಲೇ ತೊಡೆಗೆ ತೊಡೆ ತಾಗಿಸಿ ಕೂತಳು. "ಇದೇನವ್ವಾ ಇಲ್ಲಿ!" ಎಂದಳು ಕಳಕಮ್ಮ. "ಇವತ್ತ ಮೀನಪುಡಿ ಹಾಕೂದೈತಿ. ಸಂಜೀ ಮುಂದ ಇಲ್ಲೇ ಕುಂದ್ರತೀನಿ, ಮೂಗಿಗೆ ದಪ್ಪ ಸೆರಗು ತಗೊಂಡು ಬಾ" ಎಂದಳು ಪಾರಮ್ಮ. ಉಮರಸಾಬ ಈ ಸಲ ಡೀಸೆಲಿನ ಮಾತೆತ್ತಲಿಲ್ಲ, ಕನ್ನಡಿಯಲ್ಲಿ ನೋಡಿ ಗಾಡಿ ಬಿಟ್ಟ.

ಹೊಲದಲ್ಲಿ ಎಳೆಬಿಸಿಲು. ಹೊಸ ಮಡಿಯಲ್ಲಿ ಸಸಿಗಳು ಬೆರಳುದ್ದ ಎದ್ದಿದ್ದವು. ಪಂಪಾಪತಿ ದಫ್ತರು ಹಿಡಿದು ಮೂರು ಹೆಜ್ಜೆ ಹಿಂದೆ, ಮೇಡಮ್ಮ ಬದುವಿನ ಮೇಲೆ. ಇಬ್ಬರ ಕಣ್ಣೂ ತನ್ನ ಕೈಯ ಮೇಲಿದೆ ಎಂದು ಪಾರಮ್ಮನಿಗೆ ಗೊತ್ತಿತ್ತು, ಗೊತ್ತಿರಲಿ ಎಂದೇ ಕೈಯನ್ನು ಎತ್ತರಕ್ಕೆ ಎತ್ತಿ ಎತ್ತಿ ಹಾಕುತ್ತ ಬಂದಳು. ಐವತ್ತೇಳು ಎಂದು ಬರೆದ ಅದೇ ತಗಡಿನ ಮುಂದೆ ನಿಂತಳು. ಎಲೆಗಳು ಹೊಳೆದವು. ಹಿಡಿ ತುಂಬ ತೆಗೆದು, ಬಗ್ಗಿ, ಈ ಸಲ ಪೂರಾ ಬಗ್ಗಿ, ಸಾಲಿನ ಬುಡಕ್ಕೆ ಉದ್ದಕ್ಕೂ ಹಾಕಿದಳು. ಎಲ್ಲ ಸಾಲಿಗೂ ಎಷ್ಟೋ ಅಷ್ಟೇ. ಬುಟ್ಟಿ ಕೆಳಗಿಟ್ಟು ಅಲ್ಲೇ ಕುಕ್ಕರಗಾಲಿನಲ್ಲಿ ಕೂತಳು. ಸ್ವಲ್ಪ ಹೊತ್ತಿಗೆ ಬೂದಿಬಣ್ಣದ್ದೊಂದು ಬಂತು, ಅದರ ಹಿಂದೆ ನಾಲ್ಕು, ಆಮೇಲೆ ಎಣಿಸಲಾರದಷ್ಟು. ಮೊದಲನೆಯದು ಅವ್ವನ ಜೋಳದ ಎಲೆಯ ಮೇಲೆ ಇಳಿಯಿತು. ಪಾರಮ್ಮ ನೊಣಕ್ಕೆ ಕೈ ಬೀಸಲಿಲ್ಲ. ಬಾಗಿಲಲ್ಲಿ ನಿಂತು ಬೀಗರನ್ನು ಕರೆಯುವ ದನಿಯಲ್ಲಿ, ಬದುವಿನ ಮೇಲಿದ್ದವರಿಗೂ ಕೇಳುವಂತೆ ಹೇಳಿದಳು:

"ಬರ್ರಿ, ಬರ್ರಿ. ಎಲ್ಲಾರೂ ಬರ್ರಿ. ಮಾರೆವ್ವನ ಜ್ವಾಳ ಐತಿ, ಕುಂತು ನೋಡ್ರಿ."